ಭಾನುವಾರ ಅರಳುವ ಹೊಂಗೆ

ಅರಸೀಕೆರೆಗೆ ವಸಂತ ಯಾವತ್ತು ಕಾಲಿಟ್ಟಿತು ಎಂದು ಯಾರಾದರೂ ಕೇಳಬೇಕಾದ್ದು ನನ್ನನ್ನು. ಯಾವ ಮರ ಯಾವ ದಿನ ಮೊದಲ ಹೂ ಬಿಟ್ಟಿತು ಎಂದು ಒಂಬತ್ತು ವರ್ಷ ತಾರೀಖು, ವಾರಸಮೇತ ಬರೆದಿಟ್ಟ ಮಿಡ್ಲ್ ಸ್ಕೂಲ್ ಮೇಷ್ಟ್ರು ಈ ಸೀಮೆಯಲ್ಲಿ ನಾನೊಬ್ಬನೇ. (ಕೇಳುವವರು ಯಾರೂ ಇರಲಿಲ್ಲ, ಅದು ಬೇರೆ ಮಾತು.)

ಮನೆಯಲ್ಲಂತೂ ಈ ಮಹತ್ಕಾರ್ಯಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. ಹಾರನಹಳ್ಳಿ ರಸ್ತೆಯ ಮುತ್ತುಗ ನೋಡಲು ಸೈಕಲ್ ಏರಿದೆನೋ, ನನ್ನ ಹೆಂಡತಿ ಆಂಡಾಳ್ ಬಾಗಿಲಿಗೆ ಬರುತ್ತಿದ್ದಳು.

"ಬರ್ತಾ ಎರಡು ತೆಂಗಿನಕಾಯಿ ತನ್ನಿ."

"ಇದು ಸಂಶೋಧನೆ ಕಣೇ!"

"ಸರಿ, ಸಂಶೋಧನೆ ಮಾಡ್ಕೊಂಡು ಬರ್ತಾ ತನ್ನಿ."

ನನ್ನ ಯೋಗ್ಯತೆ ಅವಳಿಗೆ ತಿಳಿಯಲೆಂದೇ ಮೈಸೂರಿನ ಕಾಲೇಜೊಂದಕ್ಕೆ ಕಾಗದ ಬರೆದೆ. ೧೯೬೨ರ ಏಪ್ರಿಲ್‌ನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್ ಇಂದುಧರ ಸಾಕ್ಷಾತ್ ರೈಲಿನಲ್ಲಿ ಬಂದಿಳಿದರು. ನಾನು ಕೋಟು ತೊಟ್ಟು, ನೋಟ್‌ಬುಕ್ಕನ್ನು ರೇಷ್ಮೆ ವಸ್ತ್ರದ ಮೇಲಿಟ್ಟು ಅರ್ಪಿಸಿದೆ. ಅವರು ಹಾಳೆ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು. ಕನ್ನಡಕ ತೆಗೆದರು.

"ಸುಂದರರಾಜ ಮೇಷ್ಟ್ರೇ, ನಿಮ್ಮೂರಲ್ಲಿ ಎಲ್ಲಾ ಮರಾನೂ ಭಾನುವಾರವೇ ಹೂ ಬಿಡುತ್ತವೆಯೇ?"

"ವಾರವೆಲ್ಲ ಸ್ಕೂಲಿರುತ್ತಲ್ಲ ಸಾರ್."

"ಮರಕ್ಕೂನಾ?"

ನಾನು ಬೆವರು ಒರೆಸಿಕೊಂಡೆ. ಅವರು ಬಿಡಲಿಲ್ಲ. "ದೂರದ್ದು ಹೋಗಲಿ. ಈ ನಿಮ್ಮ ಬಾಗಿಲ ಮುಂದಿನ ಹೊಂಗೆ? ಐವತ್ತಾರು, ಮಾರ್ಚ್ ಇಪ್ಪತ್ತೈದು, ಭಾನುವಾರ..."

"ಅದು ತಪ್ಪು," ಎಂದಳು ಆಂಡಾಳ್, ಅಡುಗೆಮನೆಯ ಬಾಗಿಲಿಂದ. "ಆ ವರ್ಷ ಬುಧವಾರವೇ ಬಿಟ್ಟಿತ್ತು."

"ನಿನಗೆ ಹೇಗೆ ಗೊತ್ತೇ?"

"ದಿನಾ ಬೆಳಗ್ಗೆ ಅದರ ಕೆಳಗೆ ರಂಗೋಲಿ ಹಾಕೋಳು ನಾನಲ್ವೇನ್ರೀ?"

ಒಳಗಿನಿಂದ ಹಳೆಯ ಪಂಚಾಂಗಗಳ ಕಟ್ಟು ತಂದಳು. ಅವಳು ಈ ಮನೆಗೆ ಬಂದಂದಿನಿಂದ, ಹದಿನಾಲ್ಕು ವರ್ಷದ್ದು! ತಿಥಿಗಳ ಪಕ್ಕದಲ್ಲಿ ಪೆನ್ಸಿಲಿನ ಅಕ್ಷರ: 'ಹೊಂಗೆ ಬಿಟ್ಟಿತು, ರಂಗೋಲಿ ಕೆಟ್ಟಿತು.' 'ಬೇವು ಅರಳಿತು, ಸಾರಿಗೆ ಹೂ ಒಣಗಿಸಬೇಕು.' 'ಬೇಲಿಯ ಹಾಲಿವಾಣ ಕೆಂಪಾಯಿತು.' ಸೋಮವಾರ, ಗುರುವಾರ, ಶನಿವಾರ. ಎಲ್ಲ ವಾರಗಳೂ ಇದ್ದವು.

"ನನಗ್ಯಾಕೆ ಹೇಳಲಿಲ್ಲ?"

"ಒಂದ್ಸಲ ಹೇಳಿದೆ. 'ನಿನಗೇನು ಗೊತ್ತಾಗುತ್ತೆ, ಸುಮ್ಮನಿರೇ' ಅಂದ್ರಿ."

ಇಂದುಧರರು ಕುರ್ಚಿಯನ್ನು ನನ್ನ ಕಡೆಯಿಂದ ಅವಳ ಕಡೆಗೆ ತಿರುಗಿಸಿಕೊಂಡರು. ಸಂಜೆಯವರೆಗೆ ಅವಳು ಹೇಳಿದಳು, ಅವರು ಬರೆದುಕೊಂಡರು. ಮಧ್ಯೆ ಎರಡು ಸಲ ಕಾಫಿ ಬೇಕಾಯಿತು. ಮನೆಯಲ್ಲಿ ಬಿಡುವಾಗಿದ್ದ ವ್ಯಕ್ತಿ ಒಬ್ಬರೇ. ಕೋಟು ಕಳಚಿ ಒಲೆಯ ಮುಂದೆ ಕೂತೆ.

ಮೊದಲು ಹೊಗೆಯಾಡಿದ್ದು ಒಲೆಯಲ್ಲ, ನಾನು. ಆದರೆ ಊದುತ್ತಾ ಊದುತ್ತಾ ಅವಳ ಮಾತು ಕಿವಿಗೆ ಬಿತ್ತು. ಚಳಿ ಜಾಸ್ತಿಯಾದ ವರ್ಷ ಬೇವು ಎಷ್ಟು ದಿನ ತಡ ಮಾಡಿತು, ಜೇನು ಯಾವ ಮರಕ್ಕೆ ಮೊದಲು ಬಂತು ಎಂದೆಲ್ಲ ವಿವರಿಸುತ್ತಿದ್ದಳು. ಇಷ್ಟು ಚೊಕ್ಕವಾಗಿ ಪಾಠ ಹೇಳುವ ಮೇಷ್ಟ್ರು ನಮ್ಮ ಸ್ಕೂಲಿನಲ್ಲಿಲ್ಲ. (ನನ್ನನ್ನೂ ಸೇರಿಸಿ.) ಮುನಿಸು ಯಾವಾಗ ಇಳಿಯಿತೋ, ಎದೆ ಯಾವಾಗ ಉಬ್ಬಿತೋ ತಿಳಿಯಲಿಲ್ಲ.

ದೀಪಾವಳಿಯ ಹೊತ್ತಿಗೆ ಕಾಲೇಜಿನ ಪತ್ರಿಕೆ ಅಂಚೆಯಲ್ಲಿ ಬಂತು. 'ಅರಸೀಕೆರೆಯ ಶ್ರೀಮತಿ ಆಂಡಾಳ್ ಅವರ ಹದಿನಾಲ್ಕು ವಸಂತಗಳು!' ಸ್ಕೂಲಿಗೆ ಒಯ್ದು, ಅವಳ ಹೆಸರಿನ ಕೆಳಗೆ ಅಂಗೈ ಅಡ್ಡವಿಟ್ಟುಕೊಂಡು ಎಲ್ಲರಿಗೂ ತೋರಿಸಿದೆ.

"ನಮ್ಮನೆಯವಳು!"

ಹೆಡ್‌ಮಾಸ್ಟರ್ ಹನುಮಂತಯ್ಯನವರು ನನ್ನ ಅಂಗೈಯನ್ನು ಮೆಲ್ಲಗೆ ಸರಿಸಿ, ಅಡಿಯಲ್ಲಿದ್ದ ಸಣ್ಣಕ್ಷರವನ್ನು ಇಡೀ ಸ್ಕೂಲಿಗೆ ಕೇಳುವಂತೆ ಓದಿದರು:

"ಕಾಫಿ ಒದಗಿಸಿದ ಶ್ರೀ ಸುಂದರರಾಜರಿಗೂ ವಂದನೆಗಳು."