ಇಂಜಿನ್ ಇಳಿದು ಮೌಸ್ ಹಿಡಿದದ್ದು

ಮನುಷ್ಯನಿಗೆ ಯಾವುದಾದರೂ ಒಂದು ವಿಷಯದಲ್ಲಿ ಜಂಬ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದಕ್ಕೇ ಮನಸ್ಸಾಗುವುದಿಲ್ಲ ಎಂದು ನಾನು ನಂಬಿದವನು. ನನ್ನ ಜಂಬವೆಲ್ಲ ನನ್ನ ಬಲಗೈಯಲ್ಲಿತ್ತು. ಐವತ್ತೆಂಟು ವ್ಯಾಗನ್ ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿಯನ್ನು ಈ ಕೈಯಿಂದಲೇ ಎಳೆದುಕೊಂಡು ಹೋಗಿ, ಈ ಕೈಯಿಂದಲೇ ಹೇಳಿದ ಜಾಗದಲ್ಲಿ ನಿಲ್ಲಿಸಿದವನು ನಾನು. ಅಂಥ ಕೈ ಒಂದು ದಿನ ಸ್ನಾನದ ಸೋಪಿನಷ್ಟು ದೊಡ್ಡದಾದ ಒಂದು ಪ್ಲಾಸ್ಟಿಕ್ ಸಾಮಾನಿನ ಮೇಲೆ ಕೂತು ದಾರಿ ತಪ್ಪಿತು ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನನ್ನ ಹೆಂಡತಿ ಆಗಲೇ ಹೊಟ್ಟೆ ಹಿಡಿದುಕೊಂಡು ನಕ್ಕಾಗಿದೆ, ಈಗ ಹೊಸದಾಗಿ ಹೋಗುವ ಮರ್ಯಾದೆ ಏನೂ ಉಳಿದಿಲ್ಲ.

ನಾನು ಗದಗಿನ ಕಡೆಯವನು. ರೈಲ್ವೆ ಸೇರಿದೆ, ವರ್ಗವಾಗಿ ನಾಗಪುರಕ್ಕೆ ಬಂದೆ, ಎರಡು ವರ್ಷ ಇದ್ದು ಹೋಗೋಣ ಅಂದುಕೊಂಡೆ, ಇಲ್ಲೇ ಕೂದಲು ಬೆಳ್ಳಗಾದವು. ಇಪ್ಪತ್ತೆಂಟು ವರ್ಷ ಇಂಜಿನ್ ಓಡಿಸಿದ ಮೇಲೆ ಹೋದ ವರ್ಷ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಇನ್ನು ಇಂಜಿನ್ ಹತ್ತುವ ಹಾಗಿಲ್ಲ ಎಂದು ಡಾಕ್ಟರರು ಬರೆದುಕೊಟ್ಟರು. ಸುಳ್ಳು ಯಾಕೆ ಹೇಳಲಿ, ಅವತ್ತು ನಾನು ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಬಂದು ನೋಡಿದರೆ ನನ್ನ ಹೆಂಡತಿ ವಿಮಲಾ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದಾಳೆ! "ಏನಿದು, ನನ್ನ ನೌಕರಿ ಹೋಗಿದ್ದಕ್ಕ ಹಬ್ಬ ಮಾಡಾಕತ್ತಿ ಏನ?" ಎಂದೆ. "ನೌಕರಿ ಎಲ್ಲಿ ಹೋಗೇತ್ರಿ, ಇಂಜಿನ್ ಅಷ್ಟ ಹೋಗೇತಿ," ಅಂದಳು. "ಇಪ್ಪತ್ತೆಂಟು ವರ್ಷ ನಿಮ್ಮ ಊಟದ ಡಬ್ಬಿ ಕಟ್ಟಿ ಕಟ್ಟಿ ಸಾಕಾಗೇತಿ ನನಗ. ಇನ್ನ ಮ್ಯಾಲೆ ಬಿಸಿ ರೊಟ್ಟಿ ನೆಟ್ಟಗ ತಾಟಿಗೇ ಹಾಕ್ತೀನಿ. ಗಂಡ ಮನ್ಯಾಗ ಅದಾನ ಅಂತ ನನಗೂ ಒಮ್ಮೆ ಅನಸಲಿ." ಆ ಮಾತು ಕೇಳಿ ನನಗೂ ಹೌದಲ್ಲ ಅನ್ನಿಸಿತು. ಹೊರಗಿನ ಊರುಗಳ ರೆಸ್ಟ್ ರೂಮುಗಳಲ್ಲಿ ತಣ್ಣನೆಯ ಡಬ್ಬಿ ಬಿಚ್ಚಿ ಉಂಡ ಊಟಗಳೇ ನನ್ನ ಲೆಕ್ಕದಲ್ಲಿ ಜಾಸ್ತಿ.

ಆದರೆ ಬಿಸಿ ರೊಟ್ಟಿಯ ದಾರಿಗೆ ಅಡ್ಡವಾಗಿ ಕಂಪ್ಯೂಟರ್ ಕೂತಿತ್ತು. ನನ್ನನ್ನು ಲಾಬಿಯಲ್ಲಿ, ಅಂದರೆ ಇಂಜಿನ್ ಚಾಲಕರು ಡ್ಯೂಟಿಗೆ ಬಂದಾಗ ಹೋದಾಗ ಹಾಜರಿ ಹಾಕುವ ಕೋಣೆಯಲ್ಲಿ ಕೂಡಿಸಬೇಕೆಂದು ಅಲ್ಲಿನ ಸಾಹೇಬರ ಮನಸ್ಸಿನಲ್ಲಿತ್ತು. ಅವರು ಊರಿನ ಹಳೇ ಪೇಟೆಯಾದ ಮಹಾಲಿನಲ್ಲಿ, ಅಜ್ಜನ ಕಾಲದ ದೊಡ್ಡ ವಾಡೆಯ ಮನೆಯಲ್ಲಿ ಹುಟ್ಟಿ ಬೆಳೆದ ಮರಾಠಿಯವರು, ಒಳ್ಳೆಯ ಮನುಷ್ಯ, ಆದರೆ ಮಾತು ಕಡ್ಡಿ ಮುರಿದ ಹಾಗೆ. "ನೋಡಿ, ಇಲ್ಲಿ ಎಲ್ಲ ಕೆಲಸ ಕಂಪ್ಯೂಟರಿನಲ್ಲೇ. ಒಂದು ತಿಂಗಳು ಟೈಮ್ ಕೊಡ್ತೀನಿ, ಆಮೇಲೆ ನಾನೇ ಟೆಸ್ಟ್ ತಗೋತೀನಿ," ಎಂದು ಹಿಂದಿಯಲ್ಲಿ ಹೇಳಿದರು. "ಪಾಸಾದರೆ ಈ ಕುರ್ಚಿ ನಿಮ್ಮದು. ಇಲ್ಲದಿದ್ದರೆ ಉಮರೇಡಿನ ಆಚೆ, ಕಲ್ಲಿದ್ದಲು ತುಂಬುವ ಕಡೆ ಒಂದು ಜಾಗ ಖಾಲಿ ಇದೆ. ಅಲ್ಲಿ ಇನ್ನೂ ಕಾಗದದ ರಿಜಿಸ್ಟರೇ. ಅಲ್ಲೇ ಇರಬೇಕಾಗುತ್ತದೆ, ವಾರಕ್ಕೊಮ್ಮೆ ಮನೆಗೆ ಬರಬಹುದು." ಮನೆಗೆ ಬಂದು ಇದನ್ನು ಹೇಳಿದಾಗ ವಿಮಲಾ ಲಟ್ಟಣಿಗೆ ಕೆಳಗಿಟ್ಟು, "ನಾ ಕಲಸ್ತೀನಿ, ಬರ್ರಿ," ಅಂದಳು.

ಇಲ್ಲೊಂದು ವಿಷಯ ಹೇಳಬೇಕು. ವಿಮಲಾ ನಮ್ಮ ಬಡಾವಣೆಯ ಒಂದು ಚಿಕ್ಕ ಶಾಲೆಯಲ್ಲಿ ನರ್ಸರಿ ಮಕ್ಕಳಿಗೆ ಟೀಚರು. ಮಕ್ಕಳ ರಿಪೋರ್ಟ್ ಕಾರ್ಡುಗಳನ್ನು ಮನೆಯಲ್ಲೇ ತಯಾರು ಮಾಡಲು ಅಂತ ಒಂದು ಕಂಪ್ಯೂಟರು, ಪ್ರಿಂಟರು ಇಟ್ಟುಕೊಂಡಿದ್ದಾಳೆ. ನಾನು ಅದನ್ನು ಇಷ್ಟು ವರ್ಷ ಅಂಗಿ ತೂಗುಹಾಕಲು ಮಾತ್ರ ಬಳಸಿದ್ದೆ. ಈಗ ಅದರ ಮುಂದೆ ಕೈಕಟ್ಟಿ ಕೂತೆ. ನರ್ಸರಿ ಟೀಚರಿಗೆ ಗಂಡನಾದರೂ ಅಷ್ಟೇ, ನಾಲ್ಕು ವರ್ಷದ ಕೂಸಾದರೂ ಅಷ್ಟೇ. ಪಾಠ ಸರಿಯಾಗಿ ಒಪ್ಪಿಸಿದರೆ ಮುಂಗೈ ಮೇಲೆ ಒಂದು ಬಂಗಾರದ ಬಣ್ಣದ ನಕ್ಷತ್ರ ಅಂಟಿಸುತ್ತಿದ್ದಳು. ಮೊದಲನೆಯ ನಕ್ಷತ್ರ ಸಿಗಲು ನನಗೆ ಐದು ದಿನ ಬೇಕಾಯಿತು.

ಮೌಸ್ ಹಿಡಿದ ಕೂಡಲೇ ಅದನ್ನು ಬ್ರೇಕಿನ ಹಿಡಿಕೆಯಂತೆ ಮುಷ್ಟಿಯಲ್ಲಿ ಬಿಗಿದೆ. "ಅಯ್ಯ, ಅದರ ಜೀಂವಾ ತಗೀತೀರೇನ್ರೀ, ಹಗೂರಕ ಹಿಡೀರಿ," ಅಂದಳು. ಪರದೆಯ ಮೇಲಿನ ಬಾಣವನ್ನು ಅತ್ತ ಕಳಿಸಲು ಹೋದರೆ ಟೇಬಲ್ಲೇ ಮುಗಿದುಹೋಯಿತು, ಬಾಣ ಮಾತ್ರ ಅರ್ಧ ದಾರಿಯಲ್ಲಿ ನಿಂತಿತ್ತು. ಮೌಸನ್ನು ಎತ್ತಿ ಮತ್ತೆ ಈಚೆ ಇಟ್ಟುಕೊಳ್ಳಬಹುದು ಎಂದು ನನಗೆ ಹೇಗೆ ಹೊಳೆಯಬೇಕು? ಇಂಜಿನ್ನಿನಲ್ಲಿ ಯಾವುದನ್ನಾದರೂ ಎತ್ತಿ ಈಚೆ ಇಟ್ಟುಕೊಂಡರೆ ವಿಚಾರಣೆ ಆಗುತ್ತದೆ. ಇನ್ನು ಎರಡು ಸಲ ಬೇಗಬೇಗ ಒತ್ತುವುದು. ನಾನು ಒಂದು ಸಲ ಒತ್ತಿ, ಏನಾಯಿತು ಎಂದು ನೋಡಿ, ಆಗಿದ್ದು ಸರಿಯೋ ಎಂದು ವಿಚಾರ ಮಾಡಿ, ಆಮೇಲೆ ಎರಡನೆಯದನ್ನು ಒತ್ತುತ್ತಿದ್ದೆ. "ಜಲ್ದಿ ಒತ್ತರೀ, ನಡುವ ಒಂದ ಚಾ ಕುಡದು ಬರಬಹುದು," ಎಂದು ವಿಮಲಾ ರೇಗುತ್ತಿದ್ದಳು.

ಇವೆಲ್ಲ ಹೊಸಬರೆಲ್ಲರೂ ಮಾಡುವ ತಪ್ಪುಗಳೇ ಅಂತೆ. ನನ್ನದೇ ಆದ ತಪ್ಪುಗಳು ಬೇರೆ ಇದ್ದವು. ಇಂಜಿನ್ನಿನಲ್ಲಿ ಸಿಗ್ನಲ್ ಕಂಡ ಕೂಡಲೇ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಿ ಹೇಳಬೇಕು, ಪಕ್ಕದಲ್ಲಿರುವ ಸಹಾಯಕ ಅದನ್ನೇ ತಿರುಗಿ ಕೂಗಬೇಕು. ಇಬ್ಬರೂ ನೋಡಿದ್ದೇವೆ, ಇಬ್ಬರೂ ಅದನ್ನೇ ನೋಡಿದ್ದೇವೆ ಎಂದು ಖಾತ್ರಿಯಾಗಲಿ ಅಂತ ಈ ನಿಯಮ. ಹಾಗಾಗಿ ನಾನು ಪರದೆಯ ಮೇಲೆ ಮುಚ್ಚುವ ಗುಂಡಿ ಕಂಡು "ಮೂಲೆಯಲ್ಲಿ ಕೆಂಪು!" ಎಂದು ಕೂಗಿ, ವಿಮಲಾ ತಿರುಗಿ ಕೂಗುವವರೆಗೂ ಬೆರಳು ಅಲ್ಲಾಡಿಸುತ್ತಿರಲಿಲ್ಲ. "ನಾ ಏನ್ ನಿಮ್ಮ ಅಸಿಸ್ಟಂಟ್ ಏನ್ರೀ?" ಎಂದು ಎರಡು ದಿನ ಬೈದಳು. ಮೂರನೆಯ ದಿನದಿಂದ ಬೇರೆ ದಾರಿ ಕಾಣದೆ ಅಡುಗೆಮನೆಯಿಂದಲೇ "ಮೂಲ್ಯಾಗ ಕೆಂಪು!" ಎಂದು ಕೂಗತೊಡಗಿದಳು. ಪಕ್ಕದ ಮನೆಯ ಮರಾಠಿ ಅಕ್ಕ ಗಾಬರಿಯಾಗಿ ಕಿಟಕಿಯಲ್ಲಿ ಮುಖ ಹಾಕಿ, "ವಹಿನಿ, ಕಾಯ್ ಝಾಲಂ?" ಅಂತ, ಅಂದರೆ ಏನಾಯಿತು ಅತ್ತಿಗೆ ಅಂತ, ಕೇಳಿಹೋದರು.

ಇಷ್ಟೇ ಆಗಿದ್ದರೆ ತಿಂಗಳೊಳಗೆ ಹೇಗೋ ದಡ ಸೇರುತ್ತಿದ್ದೆ. ಆದರೆ ಎರಡನೆಯ ವಾರ ಕಂಪ್ಯೂಟರಿಗೆ ಏನೋ ಹಿಡಿಯಿತು. ನಾನು ಸುಮ್ಮನೆ ಕೂತು ಓದುತ್ತಿದ್ದರೂ ಪರದೆಯ ಮೇಲೆ ಏನೇನೋ ತಾನೇ ತೆರೆದುಕೊಳ್ಳುವುದು, ಇದ್ದದ್ದು ಮಾಯವಾಗುವುದು. ಒಂದು ದಿನವಂತೂ ನಾನು ಆರೋಹಿ ಎಂಬ ಮಗುವಿನ ರಿಪೋರ್ಟ್ ಕಾರ್ಡನ್ನು ಓದುತ್ತಾ ಕೂತಿದ್ದೆ. 'ಊಟ ಚೆನ್ನಾಗಿ ಮಾಡುತ್ತಾಳೆ, ಮಾತು ಸ್ವಲ್ಪ ಹೆಚ್ಚು' ಎಂದು ಅದರಲ್ಲಿ ಬರೆದಿತ್ತು. ಪ್ರಿಂಟರು ತಾನಾಗಿ ಶುರುವಾಗಿ ಅದೇ ಕಾರ್ಡನ್ನು ಹನ್ನೊಂದು ಸಲ ಹೊರಗೆ ಹಾಕಿತು. ವಿಮಲಾ ಕಂಪ್ಯೂಟರಿನ ಡಬ್ಬವನ್ನು ಆಟೋದಲ್ಲಿ ಇಟ್ಟುಕೊಂಡು ಸೀತಾಬರ್ಡಿ ಪೇಟೆಗೆ ಹೋಗಿ ಅಂಗಡಿಯಲ್ಲಿ ರಿಪೇರಿಗೆ ಕೊಟ್ಟಳು. ಅವರು ಎರಡು ದಿನ ಇಟ್ಟುಕೊಂಡು, ಮಶೀನು ಏಕದಂ ಬರೋಬರ್ ಇದೆ, ಮನೆಯಲ್ಲಿ ಇದನ್ನು ಯಾರು ಮುಟ್ಟುತ್ತಾರೆ ನೋಡಿಕೊಳ್ಳಿ ಎಂದು ವಾಪಸ್ ಕೊಟ್ಟರು. ಟೆಸ್ಟಿಗೆ ಹತ್ತೇ ದಿನ ಉಳಿದಿತ್ತು. ನಾನು ಮನಸ್ಸಿನಲ್ಲೇ ಉಮರೇಡಿಗೆ ಹಾಸಿಗೆ ಸುತ್ತತೊಡಗಿದ್ದೆ.

ಮರುದಿನ ವಿಮಲಾ ನನ್ನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ಕಂಪ್ಯೂಟರ್ ನೋಡಲಿಲ್ಲ, ನನ್ನ ಕೈಯನ್ನೇ ನೋಡಿದಳು. ಸ್ವಲ್ಪ ಹೊತ್ತಿಗೆ, "ಈಗ ಯಾಕ ಒತ್ತಿದ್ರಿ?" ಅಂದಳು. "ನಾ ಎಲ್ಲಿ ಒತ್ತಿದೆ?" ಅಂದೆ. ಅವಳು ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಬರುವವರೆಗೆ ಕಾದಳು. "ಈಗ ಮತ್ತ ಒತ್ತಿದ್ರಿ." "ದೇವರಾಣಿ ಇಲ್ಲ!" ಮುಳ್ಳು ಇನ್ನೊಂದು ಸುತ್ತು ಬಂತು. "ಮತ್ತ!" ಆಗ ನಾನೂ ನನ್ನ ಬೆರಳನ್ನು ಮೊದಲ ಸಲ ಬೇರೆಯವರ ಬೆರಳೆಂಬಂತೆ ನೋಡಿದೆ. ಸರಿಯಾಗಿ ಒಂದು ನಿಮಿಷಕ್ಕೆ ಅದು ನನ್ನನ್ನು ಕೇಳದೆ ಟಕ್ ಎಂದು ಒತ್ತಿತು.

ಆಗ ಎಲ್ಲ ತಿಳಿಯಿತು. ಇಂಜಿನ್ನಿನಲ್ಲಿ ಒಂದು ಗುಂಡಿ ಇರುತ್ತದೆ. ಚಾಲಕ ಒಂದು ನಿಮಿಷ ಏನನ್ನೂ ಮುಟ್ಟದೆ ಕೂತರೆ, ಇವನು ತೂಕಡಿಸಿದನೋ ಏನೋ ಎಂದು ಇಂಜಿನ್ನಿಗೆ ಅನುಮಾನ ಬರುತ್ತದೆ. ದೀಪ ಮಿಣುಕಿಸುತ್ತದೆ, ಕಿರ್ರೆಂದು ಕೂಗುತ್ತದೆ. ಆಗ ಗುಂಡಿ ಒತ್ತಿ 'ಎಚ್ಚರ ಇದ್ದೇನೆ ಮಾರಾಯ' ಎಂದು ತಿಳಿಸಬೇಕು, ಇಲ್ಲವಾದರೆ ತಾನೇ ಬ್ರೇಕ್ ಹಾಕಿಕೊಂಡು ನಿಂತುಬಿಡುತ್ತದೆ. ಅದು ಕೂಗುವುದಕ್ಕೆ ಮೊದಲೇ ಒತ್ತಿಬಿಡುವುದು ನನ್ನ ಅಭ್ಯಾಸ. ಇಂಜಿನ್ ಇಳಿದು ತಿಂಗಳುಗಳಾದರೂ ಆ ಸುದ್ದಿ ನನ್ನ ಬೆರಳಿಗೆ ಮುಟ್ಟಿರಲಿಲ್ಲ. ಬಾಣ ಎಲ್ಲಿತ್ತೋ ಅಲ್ಲೇ, ಪ್ರಿಂಟಿನ ಗುಂಡಿಯ ಮೇಲಿದ್ದರೆ ಅದನ್ನೇ, ಬೆರಳು ನಿಮಿಷಕ್ಕೊಮ್ಮೆ ಒತ್ತುತ್ತಾ ಕೂತಿತ್ತು.

ಇದನ್ನು ವಿವರಿಸಿದಾಗ ವಿಮಲಾ ಸೆರಗು ಬಾಯಿಗೆ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅಲ್ರೀ, ಆ ಕಬ್ಬಿಣದ ಇಂಜಿನ್‌ಗೆ ನಿಮಿಷಕ್ಕೊಮ್ಮೆ ಎಚ್ಚರ ಅದೀನಿ ಅಂತ ಹೇಳ್ತಿದ್ರಿ. ಮನಿಗೆ ಬಂದಾಗ ನಾ ಅರ್ಧ ತಾಸು ಮಾತಾಡಿದ್ರೂ ಒಂದ ಹೂಂ ಅಂತಿದ್ದಿಲ್ಲ. ಗ್ವಾಡಿ ಜೋಡಿ ಮಾತಾಡಿದಂಗ ಆಗ್ತಿತ್ತು ನನಗ." ದಣಿದು ಬರುತ್ತಿದ್ದೆ ನಿಜ, ಆದರೆ ಅದು ಉತ್ತರವಲ್ಲ ಎಂದು ನನಗೇ ಗೊತ್ತಿತ್ತು. ಮನಸ್ಸಿಗೆ ಬಹಳ ಕೆಡುಕೆನಿಸಿತು.

ಮದ್ದನ್ನೂ ಅವಳೇ ಹುಡುಕಿದಳು. ಬೆರಳು ತುಡಿದಾಗ ಒತ್ತಬಾರದು, ಅದರ ಬದಲು ಬಾಯಲ್ಲಿ "ಹೂಂ" ಅನ್ನಬೇಕು. ಅವಳು ಪಕ್ಕದಲ್ಲಿ ಕೂತು ತನ್ನ ಶಾಲೆಯ ಕಥೆ ಹೇಳುವುದು, ನಾನು ಮೌಸ್ ಆಡಿಸುತ್ತಾ ನಿಮಿಷಕ್ಕೊಮ್ಮೆ ಹೂಂ ಅನ್ನುವುದು. ಒಂದು ವಾರದಲ್ಲಿ ಬೆರಳಿನ ರೋಗ ಪೂರ್ತಿ ಬಾಯಿಗೆ ವರ್ಗವಾಯಿತು. ಮುಂಗೈ ತುಂಬ ನಕ್ಷತ್ರಗಳಾದವು.

ಟೆಸ್ಟಿನ ದಿನವೂ ಅವುಗಳಲ್ಲಿ ಎರಡು ನಕ್ಷತ್ರ ಮುಂಗೈ ಬಿಟ್ಟು ಬಂದಿರಲಿಲ್ಲ. ಹಾಗೆಯೇ ಹೋದೆ. ಸಾಹೇಬರು ಒಬ್ಬ ಚಾಲಕನ ಹಾಜರಿ ಹಾಕಲು ಹೇಳಿ ಎದುರಿಗೆ ಕೂತರು. ನಾನು ಹೆಸರು ಹುಡುಕಿದೆ, ಎರಡು ಸಲ ಬೇಗಬೇಗ ಒತ್ತಿದೆ. ಸುಮ್ಮನೆ ಕೂರಲಾರದೆ ಅವರು ತಮ್ಮ ಮೊಣಕಾಲು ನೋವಿನ ಸಂಗತಿ ತೆಗೆದರು. ನಾನು ಹೂಂ ಅಂದೆ. ಮೊಣಕಾಲಿನಿಂದ ಹೊರಟು ಮಹಾಲಿನ ಗಲ್ಲಿಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲದ ಸಂಕಟಕ್ಕೆ ಬಂದರು. ಹೂಂ ಅಂದೆ. ಅಲ್ಲಿಂದ ಅಣ್ಣತಮ್ಮಂದಿರು ವಾಡೆ ಪಾಲು ಮಾಡಿಕೊಂಡ ಕಥೆಗೆ ಹೋದರು. ಮುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಪರದೆಯ ಕಡೆ ಒಂದು ಸಲ ನೋಡಿ, "ಹಾಜರಿ ಬರೋಬರ್ ಹಾಕಿದ್ದೀರಿ. ಅದಿರಲಿ, ಈ ಲಾಬಿಯಲ್ಲಿ ಮನಸ್ಸಿಟ್ಟು ಕೇಳುವ ಮನುಷ್ಯ ನನಗೆ ಇವತ್ತು ಸಿಕ್ಕ. ನಾಳೆಯಿಂದ ಬನ್ನಿ," ಎಂದರು. ನನ್ನ ಮುಂಗೈ ನಕ್ಷತ್ರಗಳ ಬಗ್ಗೆ ಏನೂ ಕೇಳಲಿಲ್ಲ.

ಈಗ ನಾನು ದಿನಾ ಸಂಜೆ ಮನೆಯಲ್ಲಿರುತ್ತೇನೆ. ಬಿಸಿ ರೊಟ್ಟಿ ತಾಟಿಗೆ ಬೀಳುತ್ತದೆ, ವಿಮಲಾ ಮಾತಾಡುತ್ತಾಳೆ, ನಾನು ಹೂಂ ಅನ್ನುತ್ತೇನೆ. ಎರಡು ತಿಂಗಳು ಅವಳಷ್ಟು ಸುಖಿ ನಾಗಪುರದಲ್ಲಿ ಇರಲಿಲ್ಲ. ಮೊನ್ನೆ ಮಾತ್ರ ರೊಟ್ಟಿ ಹಾಕುತ್ತಿದ್ದ ಕೈ ನಡುವೆಯೇ ನಿಂತಿತು. "ಈಗ ನಾ ಏನ ಹೇಳಿದೆ, ಹೇಳ್ರಿ?" ಅಂದಳು. ನನಗೆ ಒಂದಕ್ಷರ ಗೊತ್ತಿರಲಿಲ್ಲ. ಬಾಯಿಯೂ ಬೆರಳಿನ ಹಾಗೆಯೇ, ನನ್ನನ್ನು ಕೇಳದೆ ತಾನೇ ಡ್ಯೂಟಿ ಮಾಡಲು ಕಲಿತುಬಿಟ್ಟಿತ್ತು. ಅಂದಿನಿಂದ ಮನೆಯಲ್ಲಿ ಹೊಸ ನಿಯಮ ಬಂದಿದೆ. ಬರೀ ಹೂಂ ನಡೆಯುವುದಿಲ್ಲ, ಅವಳು ಹೇಳಿದ್ದನ್ನು ನಾನು ಸಹಾಯಕನಂತೆ ತಿರುಗಿ ಹೇಳಬೇಕು. ಇಬ್ಬರೂ ಅದನ್ನೇ ಕೇಳಿದ್ದೇವೆ ಎಂದು ಖಾತ್ರಿಯಾಗುವವರೆಗೆ ಮುಂದಿನ ರೊಟ್ಟಿ ಬರುವುದಿಲ್ಲ.

ಇದನ್ನೆಲ್ಲ ನಾನೇ ಒಂದೊಂದು ಅಕ್ಷರ ಹುಡುಕಿ ಇದೇ ಕಂಪ್ಯೂಟರಿನಲ್ಲಿ ಬರೆದಿದ್ದೇನೆ ಎಂದು ಕೊನೆಯಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಳ್ಳಬೇಕೆಂದಿದ್ದೆ. ಆದರೆ ಈಗ ಸಮಯವಿಲ್ಲ. ಒಂದು ನಿಮಿಷದ ಹಿಂದೆ ವಿಮಲಾ ಅಡುಗೆಮನೆಯಿಂದ ಏನೋ ಹೇಳಿದಳು, ನಾನು ಹೂಂ ಅಂದೆ. ಈಗ ಬಂದು ನನ್ನ ಕುರ್ಚಿಯ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ, ತಿರುಗಿ ಹೇಳಲಿ ಎಂದು ಕಾಯುತ್ತಿದ್ದಾಳೆ. ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಅವಳು ಹೇಳಿದ್ದು ಕೇಳಿಸಿದ್ದರೆ, ದಯವಿಟ್ಟು ಸ್ವಲ್ಪ ಗಟ್ಟಿಯಾಗಿ ಕೂಗಿ ಹೇಳಿ.