ನಾನು ಅಡ್ಜಸ್ಟ್ ಮಾಡಿಕೊಂಡ ಬಗೆ

ನನಗೆ ಬರುವ ಇಂಗ್ಲಿಷು ಒಂದು ಹಿಡಿಯಷ್ಟು. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದರು. ಇದ್ದಷ್ಟು ದಿನವೂ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬಾಗಿಲಾಚೆ ನಿಂತದ್ದೇ ಹೆಚ್ಚು. ಆದರೆ ಆ ಹಿಡಿಯೊಳಗಿನ ಒಂದು ಮಾತನ್ನು ಮಾತ್ರ ಅರೆದು ಕುಡಿದಿದ್ದೇನೆ. ಅದೇ ‘ಅಡ್ಜಸ್ಟ್’. ಯಾವ ಪಂಡಿತ ಬೇಕಾದರೂ ಬಂದು ಪರೀಕ್ಷೆ ಮಾಡಲಿ.

ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವಳು ಬಂದು “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಅಂದರೆ, ಇಳಿಯುವ ತನಕ ನಿಮ್ಮ ಅರ್ಧ ದೇಹ ಗಾಳಿಯಲ್ಲಿ ಅಂತ ಅರ್ಥ. ಟಿವಿ ರಿಪೇರಿಯವನು “ಅಡ್ಜಸ್ಟ್ ಮಾಡಿದೀನಿ” ಅಂದರೆ ನಾಳೆ ಮತ್ತೆ ಕೆಡುತ್ತದೆ ಅಂತ. ದೊಡ್ಡ ಮನುಷ್ಯರು ಬಾಗಿಲು ಹಾಕಿಕೊಂಡು ಮಾಡುವುದು ‘ಅಡ್ಜಸ್ಟ್‌ಮೆಂಟು’. (ಬಾಲ ಬಂದ ಮೇಲೆ ಅದರ ಗತ್ತೇ ಬೇರೆ.) ನನ್ನ ಸೊಸೆಯ ಕುರ್ಚಿ ಕೆಳಗೊಂದು ಹಿಡಿ ಇದೆ, ಎಳೆದರೆ ಕುರ್ಚಿ ಕುಗ್ಗುತ್ತದೆ. ಅದು ‘ಅಡ್ಜಸ್ಟೆಬಲ್’. ಆ ಜಾತಿಗೆ ನನ್ನನ್ನೂ ಸೇರಿಸಿಬಿಟ್ಟಿದ್ದರು ನೋಡಿ, ಅದೇ ಎಡವಟ್ಟಾಯಿತು.

ಆ ಮಾತಿಗೆ ಮರ್ಯಾದೆ ಕೊಟ್ಟವರು ಒಬ್ಬರೇ, ನಮ್ಮ ಮನೆಯವರು. ದರ್ಜಿ. ಯಾವ ಬಟ್ಟೆ ಹೊಲಿದರೂ ಒಳಗಡೆ ಎರಡು ಬೆರಳಷ್ಟು ಉಳಿಸಿಯೇ ಮಡಚುತ್ತಿದ್ದರು. “ಒಳಗೆ ಬಿಟ್ಟಿದ್ರೆ ತಾನೇ ಆಮೇಲೆ ಅಡ್ಜಸ್ಟ್ ಮಾಡೋದು? ಇಲ್ದಿದ್ರೆ ಹರಿಯತ್ತೆ ಕಣೇ” ಅನ್ನೋರು. ಅವರು ಹೋದ ಮೇಲೆ ಅವರ ಮಿಷನ್ನು ನನ್ನ ರೂಮಿನ ಕಿಟಕಿ ಪಕ್ಕಕ್ಕೆ ಬಂತು. ನಾನು ತುಳಿಯುತ್ತೇನೆ. ಅದು ಕಟಕಟ ಅನ್ನುವಷ್ಟು ಹೊತ್ತು ಅವರು ಮನೆಯಲ್ಲೇ ಇದ್ದಂಗೆ.

ಒಂದು ದಿನ ಮಗ ನನ್ನ ಮಂಚದ ತುದಿಯಲ್ಲಿ ಕೂತು ಉಗುರು ನೋಡಿಕೊಂಡ. ಅವನು ಉಗುರು ನೋಡಿಕೊಂಡರೆ ನನಗೆ ಏನೋ ಕಾದಿದೆ ಅಂತಲೇ.

“ಅಮ್ಮ, ನಮ್ಮತ್ತೆ ಇನ್ಮೇಲೆ ಇಲ್ಲೇ ಇರ್ತಾರೆ.”

“ಇರಲಿ ಬಿಡೋ. ಅವರೇನು ಹೊರಗಿನೋರೇ?”

“ಅವರಿಗೆ ನಿನ್ ರೂಮು ಕೊಡೋಣ ಅಂತ. ನೀನು ನಡುಮನೇಲಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊ. ಮಿಷನ್ನು ಮೆಟ್ಟಿಲ ಕೆಳಗೆ ಇಟ್ಟುಬಿಡೋಣ.”

ಮೆಟ್ಟಿಲ ಕೆಳಗೆ! ಪೊರಕೆ ಪಕ್ಕ! ಎದೆಯಲ್ಲಿ ಸೂಜಿ ಮುರಿದಂತಾಯಿತು. ಆದರೂ ನಾನು ರಂಪ ಮಾಡಲಿಲ್ಲ. “ಆಗಲಪ್ಪ, ಅಡ್ಜಸ್ಟ್ ಮಾಡ್ಕೋತೀನಿ. ಮಿಷನ್ನು ಮಾತ್ರ ನಾನಿದ್ದಲ್ಲೇ ಇರಲಿ” ಅಂದೆ. ನಾನು ಇಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ಸೊಸೆಗೆ ಅನುಮಾನ ಬಂತು. ಮಗನಿಗೆ ಬರಲಿಲ್ಲ. (ಅಪ್ಪನ ಬುದ್ಧಿ ಅವನಿಗೆ ಬಂದಿಲ್ಲ.)

ಬೀಗಿತ್ತಿ ಬಂದು ರೂಮು ಹಿಡಿದರು. ನಾನು ನಡುಮನೆಯಲ್ಲಿ ನನ್ನ ಸಾಮ್ರಾಜ್ಯ ಸ್ಥಾಪಿಸಿದೆ. ಬೆಳಕು ಚೆನ್ನಾಗಿ ಬೀಳುವ ಜಾಗ ಟಿವಿ ಮುಂದೆಯೇ ಇದ್ದರೆ ನಾನೇನು ಮಾಡಲಿ? ಮಿಷನ್ನು ಅಲ್ಲೇ ಕೂತಿತು. ಮುಂಬಾಗಿಲು ತೆರೆದಿರುತ್ತಿದ್ದುದರಿಂದ ಕಟಕಟ ಬೀದಿಗೆಲ್ಲ ಕೇಳಿತು. ಮೊದಲು ಎದುರುಮನೆಯವಳು ಗಂಡನ ಪ್ಯಾಂಟು ತಂದಳು, “ಅಜ್ಜಿ, ಸೊಂಟ ಸ್ವಲ್ಪ ಅಡ್ಜಸ್ಟ್ ಮಾಡ್ಕೊಡ್ತೀರಾ?” ಆಮೇಲೆ ನರ್ಸಮ್ಮ, ಅವಳ ಹಿಂದೆ ಹಾಲಿನವನ ಹೆಂಡತಿ. ಎಲ್ಲರಿಗೂ ಸೊಸೆ ಕಾಫಿ ಕೊಡಬೇಕು, ನಗುಮುಖ ಬೇರೆ. ಸೋಫಾ ತುಂಬ ದಾರ, ಚಿಂದಿ, ಗುಂಡುಸೂಜಿ. (ಬೇಕಂತ ಚೆಲ್ಲಿದ್ದಲ್ಲ. ಬಿದ್ದದ್ದನ್ನು ಎತ್ತಲಿಲ್ಲ, ಅಷ್ಟೇ.)

ಮಗನ ಮ್ಯಾಚು ಹೋಯಿತು. “ಅಮ್ಮ, ಸ್ವಲ್ಪ ಸರಿಯಮ್ಮ, ಕೊನೇ ಓವರು!”

“ಎಲ್ಲಿಗೆ ಸರೀಲೋ? ಅಡ್ಜಸ್ಟ್ ಮಾಡ್ಕೊ” ಅಂದೆ, ಅವನದೇ ದನಿಯಲ್ಲಿ.

ಮುಖ ಊದಿಸಿಕೊಂಡು ಸೋಫಾ ಮೇಲೆ ದೊಪ್ಪನೆ ಕೂತ. ಕೂತವನು ಒಮ್ಮೆಲೇ ಮೇಲಕ್ಕೆ ಹಾರಿದ ನೋಡಿ, ಆ ಆಟದಲ್ಲಿ ಚೆಂಡೂ ಅಷ್ಟು ಎತ್ತರ ಹೋಗಿರಲಿಕ್ಕಿಲ್ಲ.

ಸಂಜೆಯೊಳಗೆ ಸೊಸೆಯೇ ನನ್ನ ಹಾಸಿಗೆ ಸುತ್ತಿದಳು. “ಅತ್ತೆ, ಕೈ ಮುಗೀತೀನಿ. ನಿಮ್ ರೂಮಿಗೆ ನೀವು ಹೋಗಿ. ಅಮ್ಮ ಇಲ್ಲಿ ಮಲಗ್ತಾರೆ.”

“ಅಯ್ಯೋ, ನಾನು ಇಲ್ಲಿಗೇ ಅಡ್ಜಸ್ಟ್ ಆಗಿದ್ನಲ್ಲಮ್ಮಾ…”

“ಬೇಡ ಅತ್ತೆ!”

ಮುಂದೆ ಮಿಷನ್ನು, ಅದನ್ನು ಹೊತ್ತು ಕುಂಟುವ ಮಗ, ಹಿಂದೆ ನಾನು. ದಂಡಯಾತ್ರೆ ಮುಗಿಸಿದ ಮಹಾರಾಣಿ ಕೂಡ ಅಷ್ಟು ನೆಟ್ಟಗೆ ನಡೆದಿರಲಾರಳು. ಕಿಟಕಿ ಪಕ್ಕ ಮಿಷನ್ನು ಕೂತಾಗ ಅದರ ತಲೆ ಸವರಿ “ಗೆದ್ದೆವು ಕಣ್ರೀ” ಅಂದೆ.

ಮಾರನೇ ದಿನ ರೂಮಿನಲ್ಲಿ ಕೂತು ಕಾದೆ. ಒಬ್ಬರೂ ಒಳಗೆ ಬರಲಿಲ್ಲ. ನಡುಮನೆಯಲ್ಲಿ ಮಾತ್ರ ಸಂತೆ! ನರ್ಸಮ್ಮನ ನಗು, ಕಾಫಿ ಲೋಟದ ಸದ್ದು. ಬೀಗಿತ್ತಿಗೆ ಸೂಜಿಗೆ ದಾರ ಪೋಣಿಸಲೂ ಬರದು, ಆದರೆ ಮಾತು ಪೋಣಿಸುವುದರಲ್ಲಿ ನಿಸ್ಸೀಮರು. ಎಲ್ಲರನ್ನೂ ಅಲ್ಲೇ ಕೂರಿಸಿಕೊಂಡು, ಬಾಗಿಲ ಸಂದಿಯಿಂದ ಬಟ್ಟೆ ಗಂಟು ಮಾತ್ರ ತಳ್ಳಿದರು. “ಅಕ್ಕಾ, ಇಷ್ಟನ್ನೂ ಸ್ವಲ್ಪ ಅಡ್ಜಸ್ಟ್ ಮಾಡ್ಬಿಡಿ.”

ಕೆಲಸ ನನಗೆ, ದರ್ಬಾರು ಅವರಿಗೆ!

ಎದುರುಮನೆಯವಳ ಗಂಡನ ಸುದ್ದಿ ಶುರುವಾದಾಗ ನನ್ನ ಕಾಲು ನಿಂತಿತು. ಎಷ್ಟು ಹೊತ್ತು ತಡೆಯಲಿ? ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಬೀಗಿತ್ತಿ ಸೋಫಾ ಮೇಲೆ ಧಾರಾಳವಾಗಿ ಒಂದು ಗೇಣು ಸರಿದರು. “ಬನ್ನಿ ಅಕ್ಕಾ, ಜಾಗ ಕಮ್ಮಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಕೂತ್ಕೊಳ್ಳಿ.”

ಗತ್ತಿನಿಂದ ಕೂತೆ.

ಸೊಸೆ ಎಲ್ಲ ಗುಂಡುಸೂಜಿಯನ್ನೂ ಆರಿಸಿದ್ದಳಂತೆ. ಒಂದು ಉಳಿದಿತ್ತು.