ವಾರಂಟಿ ಮುಗಿದ ಮೇಲೂ ನೆನಪಾಗುವವರು

ಶಿರಾದ ಕಾರು ಶೋರೂಮಿನಲ್ಲಿ ಸರ್ವಿಸ್ ಕೌಂಟರಿನ ಹಿಂದೆ ಕೂತವಳು ನಾನು. ನಗುವುದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಶಟರ್ ಎತ್ತಿದರೆ ಸಾಕು, ಯಾರಾದರೊಬ್ಬರು ಬಂದೇ ಬರುತ್ತಾರೆ. ಸಂಕಟವೆಂದರೆ, ವಾರಂಟಿ ಮುಗಿಯಿತೋ, ಬರುವುದು ನಿಂತಿತು. ಆಮೇಲೆ ಎಷ್ಟೋ ದಿನ ಗೇಟಿನ ಕಡೆ ನೋಡುವ ಪಾಡು ನನ್ನದು.

ಹಾರ್ನು

ತಿರುಮಣಿ ಕಡೆಯ ಕುರಿ ಸಾಕುವ ಯಜಮಾನರೊಬ್ಬರು, ಸೋಲಾರ್ ಪಾರ್ಕಿಗೆ ಹೊಲ ಗುತ್ತಿಗೆ ಕೊಟ್ಟವರು, ಕಾರು ಕೊಂಡಿದ್ದರು. ಅದರ ಹಾರ್ನಿಗೆ ಗಂಟಲು ಕಟ್ಟಿತು. ವಾರಂಟಿಯಲ್ಲಿ ಹೊಸದು ಹಾಕಿಕೊಟ್ಟೆವು. ಸ್ವಲ್ಪ ದಿನಕ್ಕೇ ಮುಖ ಸಣ್ಣ ಮಾಡಿಕೊಂಡು ಬಂದು, ಹಳೆಯದೇ ಬೇಕು ಅಂದರು. ಸಂಜೆ ಬಯಲಿನ ಅಂಚಿನಲ್ಲಿ ಕಾರು ನಿಲ್ಲಿಸಿ ಹಾರ್ನು ಹೊಡೆದರೆ ಮಂದೆಯೆಲ್ಲ ಓಡಿ ಬರುತ್ತಿತ್ತಂತೆ. ಹೊಸ ಹಾರ್ನಿಗೆ ಒಂದು ಕುರಿಯೂ ತಲೆ ಎತ್ತುತ್ತಿಲ್ಲವಂತೆ.

ವಾರಂಟಿಯಲ್ಲಿ ಬಿಚ್ಚಿದ್ದನ್ನು ಕಂಪನಿಗೆ ವಾಪಸು ಕಳಿಸಬೇಕು, ಅದು ಆಗಲೇ ಹೋಯಿತು ಎಂದೆ. ಕುರಿಗಳಿಗೆ ಇದೂ ಒಗ್ಗುತ್ತದೆ ಎಂದು ಸಮಾಧಾನ ಹೇಳಿದೆ. ಅವರು ಹೆದ್ದಾರಿಯ ಕಡೆ ಕೈ ತೋರಿಸಿ ಕೇಳಿದರು: "ಅಲ್ಲ ಕಣಮ್ಮ, ಆ ಕಂಪ್ನಿಯೋರು ಯಾವತ್ತಾದ್ರೂ ಅದ್ನ ಹೊಡುದ್ರೆ, ನನ್ ಕುರಿಯೆಲ್ಲ ಅಲ್ಲಿಗೇ ಹೊಂಟೋಗ್ಬುಡ್ತಾವಲ್ಲ?"

ನಿಯತ್ತು

ಊರಿನ ಬೇಕರಿ ಸಾಹೇಬರು ವಾರಂಟಿ ಇದ್ದಷ್ಟು ದಿನ ವೈಪರ್ ಕಿರುಗುಟ್ಟಿದರೂ ಬರುತ್ತಿದ್ದರು. ಬರುವಾಗ ಬಿಸಿ ಖಾರಾ ಬಿಸ್ಕತ್ತು ತರುತ್ತಿದ್ದರು. ವಾರಂಟಿ ಮುಗಿಯಿತು, ಸಾಹೇಬರೂ ಇಲ್ಲ, ಬಿಸ್ಕತ್ತೂ ಇಲ್ಲ. ಹಳೇ ಗಿರಾಕಿಗಳನ್ನು ಕೈಬಿಡಬೇಡಿ ಎಂದು ಮ್ಯಾನೇಜರ್ ಹೇಳಿದ್ದರಿಂದ ಫೋನ್ ಮಾಡಿದೆ. ಎತ್ತಲಿಲ್ಲ.

ಒಂದು ದಿನ ಬಸ್ ಸ್ಟ್ಯಾಂಡಿನಿಂದ ನಡೆದು ಬರುವಾಗ, ಹುಣಸೆಮರದಡಿಯ ಗ್ಯಾರೇಜಿನಲ್ಲಿ ಅವರ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ನನ್ನನ್ನು ಕಂಡದ್ದೇ ಸಾಹೇಬರು ಬಾನೆಟ್ಟಿನ ಹಿಂದೆ ಬಗ್ಗಿದರು. ಹತ್ತಿರ ಹೋಗಿ, ನನಗೇನೂ ಬೇಜಾರಿಲ್ಲ, ನೋಡಿ ಬಹಳ ದಿನವಾಯಿತು ಅಷ್ಟೆ, ಎಂದೆ. ಎದೆಯ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತು ಆಣೆ ಇಟ್ಟರು. "ಖಸಮ್ ಮೇಡಂ, ದಿಲ್ ನಿಮ್ ಶೋರೂಮಲ್ಲೇ ಐತೆ. ಇಲ್ಲಿಗೆ ಬರೋದು ಗಾಡಿ ಒಂದೇ."

ಸದ್ದು

ಮಧುಗಿರಿಯ ಹಾರ್ಡ್‌ವೇರ್ ಅಂಗಡಿಯವರು ಮಿತಭಾಷಿ. ಅವರ ಹೆಂಡತಿಯದು ಒಂದೇ ದೂರು: ಕಾರಿನೊಳಗೆ ಎಲ್ಲೋ ಗುಂಯ್ ಎನ್ನುತ್ತದೆ. ನಮ್ಮ ಮೆಕ್ಯಾನಿಕ್ ಓಡಿಸಿದರೆ ಸದ್ದಿಲ್ಲ, ಮನೆಗೆ ಹೋಗುವಾಗ ಮತ್ತೆ ಶುರು. ವಾರಂಟಿ ಮುಗಿಯುವುದರೊಳಗೆ ಸರಿಮಾಡಿ ಎಂದು ಆಕೆ ಪಟ್ಟು ಹಿಡಿದರು. ಕೊನೆಗೆ ನಾನೇ ಹಿಂದಿನ ಸೀಟಿನಲ್ಲಿ ಕೂತೆ. ಯಜಮಾನರು ಓಡಿಸಿದರು, ಹೆಂಡತಿ ಪಕ್ಕದಲ್ಲಿ.

ಊರು ದಾಟಿ ಮಧುಗಿರಿ ರಸ್ತೆ ಖಾಲಿಯಾಗುತ್ತಲೇ ಸದ್ದು ಬಂತು. ಏರುತ್ತಿತ್ತು, ಇಳಿಯುತ್ತಿತ್ತು. ಮುಂದಕ್ಕೆ ಬಾಗಿ ಕಿವಿಗೊಟ್ಟೆ. ಯಜಮಾನರು ಬಾಯಿ ಮುಚ್ಚಿಕೊಂಡೇ ಹಾಡು ಗುನುಗುತ್ತಿದ್ದರು. ಅವರಿಗೇ ಗೊತ್ತಿರಲಿಲ್ಲ. ಹೇಳಿದ ಕೂಡಲೇ ನಾಚಿಕೊಂಡು ನಿಲ್ಲಿಸಿದರು.

ಆಕೆ ಕಿಟಕಿಯ ಕಡೆ ತಿರುಗಿ, ಮದುವೆಯಾದ ಹೊಸದರಲ್ಲಿ ಇವರು ಸ್ಕೂಟರಿನಲ್ಲಿ ಗೊರವನಹಳ್ಳಿ ಗುಡಿಗೆ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಹೀಗೇ ಗುನುಗುತ್ತಿದ್ದರು ಎಂದರು. ಅಂಗಡಿ ಹಾಕಿದ ಮೇಲೆ ಅದು ನಿಂತೇಹೋಗಿತ್ತಂತೆ. ಎಷ್ಟು ವರ್ಷವಾಯಿತೆಂದರೆ, ಕೇಳಿದರೂ ತನಗೆ ಗುರುತು ಸಿಗಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡರು.

ಹಾಗಾದರೆ ದೂರಿಗೆ ಏನು ಮಾಡೋಣ ಎಂದು ಮೆಲ್ಲಗೆ ಕೇಳಿದೆ.

"ಏನೂ ಮಾಡ್ಬೇಡಿ ಕಣಮ್ಮ, ಅದು ಹಂಗೇ ಇರ್ಲಿ. ನಿಂತೋದ್ರೆ ಮಾತ್ರ ಇವ್ರನ್ನ ಕರ್ಕೊಂಡ್ ಬರ್ತೀನಿ. ವಾರಂಟಿ ಮುಗುದಿದ್ರೂ ನೀವೇ ರಿಪೇರಿ ಮಾಡ್ಕೊಡ್ಬೇಕು."